ಡಿಕ್ಕಿಯೊಳಗಿನ ಕಾಳು

ಈ ತಲಾಸ್ ಕಣಿವೆಯಲ್ಲಿ ಯಾರಿಗೆ ಬೇಕಾದರೂ ಟೋಪಿ ಹಾಕಬಹುದು, ಈ ಮುಕಾಶನಿಗೆ ಮಾತ್ರ ಹಾಕಲಾಗದು! ಏಕೆಂದರೆ ನನ್ನ ತಲೆಯ ಮೇಲೆ ಆಗಲೇ ಒಂದು ಟೋಪಿ ಇದೆ. ಬಿಳಿ ಉಣ್ಣೆಯ, ನೆಟ್ಟಗೆ ನಿಲ್ಲುವ ಕಲ್ಪಾಕ್. ಅದರ ಕೆಳಗೆ ಕೊಕ್‌ಬೊರು ಪಂದ್ಯಗಳ ತೀರ್ಪುಗಾರನ ಎರಡು ಕಣ್ಣುಗಳಿವೆ, ಅವುಗಳ ಕೆಳಗೆ ಕೊರಳಲ್ಲಿ ಒಂದು ಸೀಟಿ ಇದೆ. ಕುದುರೆ ಏರಿದ ಗಂಡಸರು ಒಂದು ಮೇಕೆಯ ಮುಂಡಕ್ಕಾಗಿ ಧೂಳೆಬ್ಬಿಸಿ ಕಿತ್ತಾಡುವಾಗ ಯಾರ ಮೊಣಕಾಲು ಯಾರ ಪಕ್ಕೆಗೆ ಬಡಿಯಿತು, ಯಾರ ಚಾಟಿ ಯಾರ ಕುದುರೆಯ ಮೂತಿಗೆ ತಾಗಿತು ಎಂಬುದು ಕಾಣಿಸುವುದು ದೇವರಿಗೆ ಮತ್ತು ನನಗೆ ಮಾತ್ರ. ದೇವರು ಸೀಟಿ ಊದುವುದಿಲ್ಲ, ನಾನು ಊದುತ್ತೇನೆ. ನಮ್ಮಿಬ್ಬರಿಗೂ ಅಷ್ಟೇ ವ್ಯತ್ಯಾಸ.

ನನ್ನ ಹೆಂಡತಿ ಬುರುಲ್ ನನಗೊಂದು ಕನ್ನಡಕ ಮಾಡಿಸಿ ತಂದಿದ್ದಾಳೆ ಎಂಬುದು ನಿಜ. ಅದು ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ ಇದೆ. ತೀರ್ಪುಗಾರನೇ ಕನ್ನಡಕ ಏರಿಸಿಕೊಂಡು ಮೈದಾನಕ್ಕೆ ಇಳಿದರೆ ಸೋತ ತಂಡದವರು ಏನೆಂದಾರು!

ಆದ್ದರಿಂದ ಒಂದು ಬೆಳಗ್ಗೆ ನನ್ನ ಕಾರಿನ ಡಿಕ್ಕಿಯ ಮೇಲೆ ಬುಗುಟೆಯೊಂದು ಕಾಣಿಸಿಕೊಂಡಾಗ ನಾನು ಕಲ್ಪಾಕ್ ಸರಿಮಾಡಿಕೊಂಡು ಶಪಥ ಮಾಡಿದೆ: ಸಂಜೆ ದನಕರು ಮನೆಗೆ ಬರುವಷ್ಟರಲ್ಲಿ ಅಪರಾಧಿಯನ್ನು ಹಿಡಿದೇ ತೀರುತ್ತೇನೆ!

ಕಾರೆಂದರೆ ಅದು ಬರೀ ಕಾರಲ್ಲ. ನನ್ನ ಬೂದು ಕುದುರೆಯನ್ನು ಮಾರಿ, ಅತ್ತು, ಮೂಗು ಒರೆಸಿಕೊಂಡು ಕೊಂಡದ್ದು. ಹಾಗಾಗಿ ಅದಕ್ಕೂ ಬೂದ ಎಂದೇ ಹೆಸರಿಟ್ಟೆ. ಜರ್ಮನಿಯಲ್ಲಿ ಯಾರೋ ಓಡಿಸಿ ದಣಿಸಿ, ದಾರಿಯಲ್ಲಿ ಇನ್ಯಾರೋ ಬಣ್ಣ ಬಳಿದು, ಕೊನೆಗೆ ನನ್ನ ಅಂಗಳಕ್ಕೆ ಬಂದು ನಿಂತಿದೆ. ಬುರುಲ್‌ಗೆ ಅದನ್ನು ಕಂಡರೆ ಅಷ್ಟಕ್ಕಷ್ಟೇ. "ಕುದುರೆ ಆಗಿದ್ರೆ ಚಳಿಗಾಲಕ್ಕೆ ಒಲೆಗೆ ಲದ್ದಿನಾದ್ರೂ ಸಿಗ್ತಿತ್ತು. ಇದು ಕೊಡೋದು ಬರೀ ಹೊಗೆ!" ಎನ್ನುತ್ತಾಳೆ.

ಹೊಗೆಯಾದರೇನು? ಮಗಳು ಜಿಬೆಕ್ ಹುಟ್ಟಿದ ಮನೆಯಿಂದ ಹೊರಡುವುದು ಬೂದನಲ್ಲೇ ಎಂದು ನಾನು ಹಠ ಹಿಡಿದಿದ್ದೆ. ಮದುವೆ ಹತ್ತಿರವಾಗಿತ್ತು. ಗಂಡಿನ ತಾಯಿ ಬಂದು ಅವಳ ಕಿವಿಗೆ ಓಲೆ ಹಾಕಿ ಹೋಗಿದ್ದರು, ಅಂದರೆ ಮಾತು ಗಟ್ಟಿಯಾಗಿತ್ತು. ಗಂಡು ನುರ್ದಿನ್ ಒಳ್ಳೆಯ ಹುಡುಗ, ನನ್ನ ಮುಂದೆ ಮಾತೇ ಆಡುವುದಿಲ್ಲ. ಅವನ ತಂದೆ, ನಮ್ಮ ಬೀಗರು ಎಸೆನಾಲಿ, ಊರ ಹೊರಗೆ ಬೀನ್ಸ್ ಗೋದಾಮಿನ ಪಕ್ಕ ಗ್ಯಾರೇಜ್ ಇಟ್ಟಿದ್ದಾರೆ.

ಬೂದನ ಬ್ರೇಕ್ ಒತ್ತಿದರೆ ಕತ್ತೆಯಂತೆ ಅರಚಲು ಶುರುವಾದಾಗ ನಾನು ನೇರ ಬೀಗರ ಹತ್ತಿರ ಹೋದೆ.

"ಬಿಟ್ಟು ಹೋಗಿ ಬೀಗರೇ. ಇನ್ಮೇಲೆ ನಿಮ್ಮ ಬ್ರೇಕು ನಮ್ಮ ಬ್ರೇಕು ಅಂತ ಬೇರೆ ಇದೆಯಾ?" ಎಂದರು.

ಕಾರು ಅಲ್ಲಿ ಬಿಟ್ಟು, ನಾನು ಬೆಟ್ಟದಾಚೆಯ ಸುಸಮೀರ್ ಬಯಲಿಗೆ ಪಂದ್ಯದ ತೀರ್ಪು ಹೇಳಲು ವ್ಯಾನು ಹತ್ತಿದೆ. ತೀರ್ಪು ಅಂದರೆ ತೀರ್ಪು! ಎರಡೂ ತಂಡದವರು ನನ್ನನ್ನು ಸಮಸಮವಾಗಿ ಬೈದರು. ಸಂಘಟಕರು ನನ್ನ ಕೈ ಹಿಡಿದು, "ಮುಕಾಶಣ್ಣ, ನಿಮ್ಮ ಮರ್ಯಾದೆ ಮನೆಗೇ ಕಳಿಸ್ತೀವಿ" ಎಂದರು.

ಊರಿಗೆ ಮರಳಿದಾಗ ಬೂದ ಅಂಗಳದಲ್ಲಿ ನಿಂತಿದ್ದ. ನುರ್ದಿನ್ ತಂದು ಬಿಟ್ಟುಹೋಗಿದ್ದನಂತೆ. ಬುರುಲ್ ಬಾಗಿಲಲ್ಲೇ ಸಿಕ್ಕಳು.

"ರೀ, ಟಗರು ಬಂದಿದೆ!"

"ಗೊತ್ತು ಗೊತ್ತು. ಕಳಿಸ್ತೀವಿ ಅಂದಿದ್ರು."

"ಅಯ್ಯೋ, ನಿಮಗೆ ಹೇಳಿಯೇ ಕಳಿಸಿದ್ರಾ? ಎಂಥಾ ಟಗರು ಅಂತೀರಿ! ಇಳಿಸೋ ಹೊತ್ತಿಗೆ..."

"ನನ್ನ ಯೋಗ್ಯತೆಗೆ ತಕ್ಕ ಹಾಗೆ ಕಳಿಸಿದ್ದಾರೆ. ಕೊಪ್ಪರಿಗೆ ಇಡು, ಬೀದಿಯವರನ್ನೆಲ್ಲ ಕರೀತೀನಿ!"

ಕರೆದೆ. ಬಂದರು, ತಿಂದರು. ಬುರುಲ್ ಹೊರಗೆ ಅಂಗಳದಲ್ಲಿ ಕೊಪ್ಪರಿಗೆಯ ಮುಂದೆ ಬೆವರುತ್ತಿದ್ದಳು, ನಾನು ಒಳಗೆ ಜಮಖಾನದ ಮೇಲೆ ಕೂತು ನನ್ನ ನ್ಯಾಯನಿಷ್ಠೆಯನ್ನು ಬಡಿಸುತ್ತಿದ್ದೆ. "ಒಂದೇ ಒಂದು ಸುಳ್ಳು ಸೀಟಿ ಊದಿದ್ರೆ ಇಂಥಾ ಟಗರು ಬರ್ತಿತ್ತೇನ್ರಯ್ಯಾ?" ಎಂದೆ. ಯಾರೂ ಇಲ್ಲವೆನ್ನಲಿಲ್ಲ. ಬಾಯಿ ತುಂಬಾ ಮಾಂಸವಿದ್ದವರು ಹೇಗೆ ತಾನೇ ಇಲ್ಲವೆಂದಾರು! ಊಟವಾದ ಮೇಲೆ ಅಂಗೈಯಿಂದ ಮುಖ ಸವರಿಕೊಂಡು ಕೊಟ್ಟವರನ್ನು ಹರಸಿದೆವು. ಟಗರಿನ ಸುರುಳಿ ಕೊಂಬುಗಳನ್ನು ತೊಳೆದು, ಬಾಗಿಲ ಮೇಲೆ ಮೊಳೆ ಹೊಡೆದು ನೇತುಹಾಕಿದೆ. ನ್ಯಾಯದ ಗುರುತು!

ಇದಾಗಿ ಕೆಲವು ದಿನಗಳ ಮೇಲೆ ಮದುವೆಗೆಂದು ಬೂದನ ಮೈ ತೊಳೆಯುತ್ತಿದ್ದಾಗ ನನ್ನ ಅಂಗೈಗೆ ಆ ಬುಗುಟೆ ತಾಕಿತು.

ನೆಗ್ಗಾಗಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ನಮ್ಮೂರಿನಲ್ಲಿ ನೆಗ್ಗದ ಕಾರು ಯಾವುದಿದೆ? ಆದರೆ ಇದು ನೆಗ್ಗಲ್ಲ, ಉಬ್ಬು! ಡಿಕ್ಕಿಯ ಮುಚ್ಚಳ ಒಳಗಿನಿಂದ ಹೊರಕ್ಕೆ, ಬಟ್ಟಲು ಬೋರಲು ಹಾಕಿದಂತೆ ಎದ್ದು ನಿಂತಿತ್ತು. ಹೊರಗಿನಿಂದ ಯಾರಾದರೂ ಡಿಕ್ಕಿ ಹೊಡೆದರೆ ಡಿಕ್ಕಿ ಒಳಗೆ ಹೋಗಬೇಕು. ಇದು ಹೊರಗೆ ಬಂದಿದೆ. ಹಾಗಾದರೆ ಹೊಡೆದವರು ಒಳಗಿದ್ದರು! ಒಳಗೆ ಯಾರಿದ್ದರು? ಏಕಿದ್ದರು? ಇದ್ದವರು ಹೊಡೆದದ್ದೇಕೆ? ಕೋಪ ಬರುವ ಮೊದಲೇ ಕುತೂಹಲ ಬಂದು ನನ್ನ ಹೆಗಲ ಮೇಲೆ ಕೂತಿತು. ಬಕೆಟ್ ಪಕ್ಕಕ್ಕಿಟ್ಟೆ.

ಗ್ಯಾರೇಜಿಗೆ ಬಿಡುವ ಮುಂಚೆ ಈ ಬುಗುಟೆ ಇರಲಿಲ್ಲ, ಬಂದ ಮೇಲೆ ಇದೆ. ಇಷ್ಟು ನಿಸ್ಸಂಶಯ. ಗ್ಯಾರೇಜಿನವರು ಯಾರಾದರೂ ಮಧ್ಯಾಹ್ನ ಉಂಡು, ತಂಪಾಗಿದೆಯೆಂದು ಡಿಕ್ಕಿಯಲ್ಲಿ ಮಲಗಿ, ಕೆಟ್ಟ ಕನಸು ಬಿದ್ದು ದಡಕ್ಕನೆ ಎದ್ದು ಕೂತಿರಬಹುದೇ? ಊಹೆ ಮಾಡಿ ಬಿಡುವವನಲ್ಲ ನಾನು. ಡಿಕ್ಕಿಯೊಳಗೆ ಮಲಗಿ, ಮೊಣಕಾಲು ಮಡಿಸಿ, ಮುಚ್ಚಳ ಎಳೆದುಕೊಂಡೆ. ನಂತರ ಕೆಟ್ಟ ಕನಸು ಬಿದ್ದವನಂತೆ ದಡಕ್ಕನೆ ಎದ್ದೆ.

ಕಣ್ಣ ಮುಂದೆ ಹಗಲು ನಕ್ಷತ್ರ! ಮುಚ್ಚಳಕ್ಕೆ ಏನೂ ಆಗಲಿಲ್ಲ. ಬುಗುಟೆ ಬಂದದ್ದು ನನ್ನ ತಲೆಗೆ. ಇಂಥ ಉಬ್ಬು ಎಬ್ಬಿಸಲು ಮನುಷ್ಯನ ತಲೆ ಸಾಲದು ಎಂದು ಸಾಬೀತಾಯಿತು. ಮುಚ್ಚಳ ಹೊರಗಿನಿಂದ ಬೀಗ ಬಿದ್ದದ್ದೂ ಆಗಲೇ ಸಾಬೀತಾಯಿತು.

ಸೀಟಿ ಊದಿದೆ. ತುಂಬಾ ಹೊತ್ತು ಊದಿದೆ. ಕೊನೆಗೆ ಪಕ್ಕದ ಮನೆಯ ಕಲ್ಬೂಬು ಅಜ್ಜಿ ಕೋಲೂರಿಕೊಂಡು ಬಂದು ಮುಚ್ಚಳ ಎತ್ತಿದಳು.

"ಲೋ ಮುಕಾಶ್! ಇದರೊಳಗೆ ಏನೋ ಮಾಡ್ತಿದ್ದೀಯಾ?"

"ತನಿಖೆ, ಅಜ್ಜಿ."

"ಬುರುಲ್ ಒದ್ದು ಹೊರಗೆ ಹಾಕಿದಳಾ?"

"ಇಲ್ಲ ಅಜ್ಜಿ, ತನಿಖೆ!"

"ಹಾಕಿದ್ರೂ ತಪ್ಪಿಲ್ಲ ಬಿಡು" ಎಂದು ಅಜ್ಜಿ ಕೋಲೂರಿಕೊಂಡು ಹೋದಳು.

ಆದರೆ ಆ ಸೆರೆವಾಸ ವ್ಯರ್ಥವಾಗಲಿಲ್ಲ. ಕತ್ತಲಲ್ಲಿ ತಡಕಾಡುವಾಗ ನನ್ನ ಬೆರಳಿಗೆ ಮೂಲೆಯಲ್ಲಿ ಒಂದಷ್ಟು ಪುಟ್ಟ ಪುಟ್ಟ ಗುಂಡು ವಸ್ತುಗಳು ಸಿಕ್ಕಿದ್ದವು. ಬೆಳಕಿಗೆ ಹಿಡಿದು ನೋಡಿದೆ. ಕಪ್ಪಗೆ, ದುಂಡಗೆ, ಒಣಗಿ ಗಟ್ಟಿಯಾಗಿವೆ. ಕಪ್ಪು ಬೀನ್ಸ್ ಕಾಳು! ನಮ್ಮ ಕಣಿವೆಯಲ್ಲಿ ಹುಟ್ಟಿದವನಿಗೆ ಬೀನ್ಸ್ ಗುರುತು ಸಿಗದೆ ಇರುತ್ತದೆಯೇ? ಹೊಲದಲ್ಲಿ ಬೀನ್ಸ್, ಅಂಗಳದಲ್ಲಿ ಬೀನ್ಸ್, ರಸ್ತೆ ಬದಿಯಲ್ಲಿ ಒಣಹಾಕಿದ ಬೀನ್ಸ್.

ಎಲ್ಲವೂ ಹಗಲಿನಷ್ಟು ನಿಚ್ಚಳವಾಯಿತು! ಗ್ಯಾರೇಜಿನ ಪಕ್ಕ ಏನಿದೆ? ಬೀನ್ಸ್ ಗೋದಾಮು. ಈಗ ಯಾವ ಕಾಲ? ಕೊಯ್ಲಿನ ಕಾಲ. ಬೀಗರು ನನ್ನ ಬೂದನನ್ನು ಕತ್ತೆ ಮಾಡಿ, ಅವನ ಮೇಲೆ ಬೀನ್ಸ್ ಮೂಟೆ ಹೇರಿದ್ದಾರೆ! ಮೂಟೆ ಹಿಡಿಸದಿದ್ದಾಗ ಮುಚ್ಚಳದ ಮೇಲೆ ಕೂತು ಒತ್ತಿದ್ದಾರೆ, ಒಳಗಿನ ಮೂಟೆ ಮೇಲಕ್ಕೆ ಗುದ್ದಿದೆ. ಕಾಳುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟೆ. ಈಗ ಕುತೂಹಲ ಇಳಿದು ಕೋಪ ಹತ್ತಿ ಕೂತಿತು.

ಒಳಗೆ ಹೋಗಿ ಬುರುಲ್‌ಗೆ ಹೇಳಿದೆ: "ಬೀಗರ ಹತ್ತಿರ ಹೋಗಿ ಬರ್ತೀನಿ. ಅವರು ಮಾಡಿದ್ದಕ್ಕೆ ಎದುರೆದುರೇ ಒಂದು ಮಾತು ಹೇಳಲೇಬೇಕು."

ಅವಳ ಮುಖ ಅರಳಿತು. "ಸದ್ಯ, ಈಗಲಾದ್ರೂ ನೆನಪಾಯ್ತಲ್ಲ! ಇಷ್ಟು ದಿನ ಆಯ್ತು, ಅವರು ಏನಂದ್ಕೊಂಡಿದ್ದಾರೋ ಅಂತ ನಂಗೆ ಒಳಗೊಳಗೇ ಕುದೀತಿತ್ತು. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿ ಬನ್ನಿ."

ನನ್ನ ಹೆಂಡತಿಗೂ ಇಷ್ಟು ನ್ಯಾಯಪ್ರಜ್ಞೆ ಇದೆಯೆಂದು ನನಗೆ ತಿಳಿದೇ ಇರಲಿಲ್ಲ! ಹೊರಡುವಾಗ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬಿಸಿ ಬಿಸಿ ಬೋರ್ಸೋಕ್ ಕರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟಳು.

"ಇದ್ಯಾಕೆ?"

"ಬೀಗರ ಮನೆಗೆ ಬರಿಗೈಲಿ ಹೋಗ್ತಾರೇನ್ರೀ?"

ಹೀಗೆ ಎಡಗೈಯಲ್ಲಿ ಬೋರ್ಸೋಕ್ ಗಂಟು, ಬಲಗಡೆ ಜೇಬಿನಲ್ಲಿ ಸಾಕ್ಷಿಯ ಗಂಟು ಹೊತ್ತು ನಾನು ಯುದ್ಧಕ್ಕೆ ಹೊರಟೆ.

ಗ್ಯಾರೇಜಿನಲ್ಲಿ ಜನವೋ ಜನ. ಕೊಯ್ಲಿನ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ನನ್ನ ಕೈಯಲ್ಲಿದ್ದ ಗಂಟು ನೋಡಿ ಎಸೆನಾಲಿ ಎರಡೂ ಕೈ ಚಾಚಿ ಬಂದರು. "ಬನ್ನಿ ಬೀಗರೇ, ಬನ್ನಿ! ದಾರಿ ನೋಡಿ ನೋಡಿ ಸಾಕಾಯ್ತು. ಬ್ರೇಕು ಹೇಗಿದೆ?"

"ಬ್ರೇಕು ಚೆನ್ನಾಗಿದೆ. ಡಿಕ್ಕಿ ಹೇಗಿದೆ ಅಂತ ನೀವು ಹೇಳಿ!"

ಅವರು ಬಂದು ನೋಡಿದರು. ಉಬ್ಬಿನ ಮೇಲೆ ಕೈಯಾಡಿಸಿದರು. ಒಂದು ಕ್ಷಣ ಅವರ ಮುಖದಲ್ಲಿ ನಗು ಇಣುಕಿತು. "ಓಹೋಹೋ! ಏನು ತಲೇನಪ್ಪಾ ಅದು!" ಎಂದವರು ತಟ್ಟನೆ ತುಟಿ ಕಚ್ಚಿಕೊಂಡು, ನೆಲ ನೋಡುತ್ತ ಮೆಲ್ಲಗೆ ಕೇಳಿದರು: "ಬೀಗರೇ, ಕಾರು ಮನೆಗೆ ಬಂದಾಗ... ಡಿಕ್ಕಿ ತೆಗೆದು ನೋಡಿದ್ರಲ್ಲ?"

"ನೋಡಿದೆ! ಮೂಲೆ ಮೂಲೆ ನೋಡಿದೆ. ಮಲಗಿಯೂ ನೋಡಿದೆ!"

"ಮತ್ತೆ ಅದರಲ್ಲಿ..."

"ಅದರಲ್ಲಿ ಏನೂ ಇರಲಿಲ್ಲ! ಖಾಲಿ!"

ಗ್ಯಾರೇಜಿನಲ್ಲಿ ಸುತ್ತಿಗೆ ಬಡಿಯುತ್ತಿದ್ದವರೆಲ್ಲ ನಿಲ್ಲಿಸಿದರು. ಟ್ರಾಕ್ಟರಿನ ಕೆಳಗಿಂದ ನುರ್ದಿನ್ ತಲೆ ಹೊರಗೆ ಹಾಕಿ, ನನ್ನನ್ನೂ ಅವನ ಅಪ್ಪನನ್ನೂ ನೋಡಿ, ಮತ್ತೆ ಒಳಗೆ ಸರಿದುಕೊಂಡ.

"ಏನೂ... ಇರಲಿಲ್ವಾ ಬೀಗರೇ?" ಎಸೆನಾಲಿಯ ದನಿ ಬಿದ್ದುಹೋಗಿತ್ತು.

ಸಿಕ್ಕಿಬಿದ್ದ ಕಳ್ಳ! ಎಂದುಕೊಂಡೆ. ಸೀಟಿ ಊದಿದೆ. ಕರವಸ್ತ್ರ ಬಿಚ್ಚಿ, ಕಾಳುಗಳನ್ನು ಅಂಗೈ ಮೇಲೆ ಹರಡಿ ಎಲ್ಲರಿಗೂ ತೋರಿಸಿದೆ. "ಇದೊಂದು ಬಿಟ್ಟರೆ! ಇದು ಯಾರದ್ದು? ಎಲ್ಲಿಂದ ಬಂತು? ಹೇಳಿ ಬೀಗರೇ! ಒಣಗಿದ್ದೋ ಹಸಿಯೋ ಅಂತ ಈಗಲೇ ನೋಡೋಣ" ಎಂದು, ನಮ್ಮೂರಿನ ವ್ಯಾಪಾರಿಗಳು ಬೀನ್ಸ್ ಪರೀಕ್ಷೆ ಮಾಡುವಂತೆ, ಒಂದನ್ನು ಹಲ್ಲಿನ ಮಧ್ಯೆ ಇಟ್ಟುಕೊಳ್ಳಲು ಕೈ ಎತ್ತಿದೆ.

"ಬೇಡ ಬೀಗರೇ!" ಎಂದು ಎಸೆನಾಲಿ ಹಾರಿ ನನ್ನ ಕೈ ಹಿಡಿದುಕೊಂಡರು.

"ಸಾಕ್ಷಿ ನಾಶ ಮಾಡ್ತಿದ್ದಾರೆ! ಎಲ್ಲರೂ ನೋಡಿ!"

ಹಿಂದೆ ನಿಂತಿದ್ದ ಟ್ರಾಕ್ಟರಿನವನೊಬ್ಬ ಕೆಮ್ಮಿದ. ಇನ್ನೊಬ್ಬ ಗೋಡೆ ಕಡೆ ತಿರುಗಿ ಭುಜ ಕುಲುಕಿಸತೊಡಗಿದ. ಆದರೆ ಎಸೆನಾಲಿ ನಗಲಿಲ್ಲ. ನನ್ನ ಕೈ ಬಿಟ್ಟು, ತಮ್ಮ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು:

"ನಮ್ಮ ಕಡೆಯಿಂದ ಡಿಕ್ಕಿ ಖಾಲಿ ಬಂತು ಅಂತ ಇಷ್ಟು ಜನರ ಮುಂದೆ ಹೇಳಿದ್ರಿ. ಆಯ್ತು. ನಮ್ಮಿಂದ ನಿಮಗೆ ಏನೂ ಬಂದೇ ಇಲ್ಲ ಅಂದ ಮೇಲೆ ನಮಗೂ ನಿಮಗೂ ಏನಿದೆ? ಹೋಗಿ ಬನ್ನಿ."

'ಬೀಗರೇ' ಎನ್ನಲಿಲ್ಲ. ಬೋರ್ಸೋಕ್ ಗಂಟನ್ನೂ ಮುಟ್ಟಲಿಲ್ಲ. ಗೆದ್ದೆನೆಂದುಕೊಂಡು ಬಂದೆ. ಆದರೆ ದಾರಿಯುದ್ದಕ್ಕೂ ಆ ಗಂಟು ಪಕ್ಕದ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಗೆದ್ದವನಿಗೆ ಹಾಗೆ ಅನ್ನಿಸಬಾರದು.

ಮನೆಗೆ ಬಂದರೆ ಜಿಬೆಕ್ ಫೋನು ಹಿಡಿದು ಅಳುತ್ತಿದ್ದಳು. ಒಂದು ಕೈ ಕಿವಿಯ ಓಲೆಯ ಮೇಲಿತ್ತು. "ಅಪ್ಪಾ, ಅಲ್ಲಿ ಏನಂದೆ ನೀನು? ಓಲೆ ವಾಪಸ್ ಕೇಳಬೇಕಾಗುತ್ತೋ ಏನೋ ಅಂತ ಅವರಮ್ಮ ಅಂದ್ರಂತೆ!"

ಬುರುಲ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನ್ರೀ ಮಾಡಿದ್ರಿ? ಟಗರಿನ ವಿಷಯ ಹೇಳೋಕೆ ತಾನೇ ಹೋಗಿದ್ದು?"

"ಯಾವ ಟಗರು?"

"ಯಾವ ಟಗರಾ? ನುರ್ದಿನ್ ಡಿಕ್ಕಿಯಲ್ಲಿ ಹಾಕ್ಕೊಂಡು ಬಂದಿದ್ದು! ಬೀಗರ ಗಾಡಿ ಖಾಲಿ ಕಳಿಸಬಾರದು ಅಂತ ಅವರು ಕಳಿಸಿದ್ದು! ಮೂರು ಜನ ಸೇರಿ ಇಳಿಸಿದ್ವಿ. ಪಾಪ ಆ ಹುಡುಗ ಕಾಲು ಕಟ್ಟಿದ್ದ, ತಲೆ ಕಟ್ಟೋಕಾಗುತ್ತಾ? ದಾರಿಯುದ್ದಕ್ಕೂ ಗುದ್ದುತ್ತಲೇ ಬಂತಂತೆ!"

ಹಾಗೇ ಮೆಟ್ಟಿಲ ಮೇಲೆ ಕೂತೆ. "ಅದು... ಪಂದ್ಯದವರು ಕಳಿಸಿದ್ದಲ್ವಾ?"

"ಪಂದ್ಯದವರಾ! ನಿಮ್ಮ ಸೀಟಿಗೆ ಟಗರು ಕೊಡ್ತಾರಾ? ಹತ್ತಿ ಕೊಡ್ತಾರೆ, ಕಿವಿಗೆ ಇಟ್ಕೊಳ್ಳೋಕೆ!"

ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದೆ. ಬುರುಲ್ ಒಳಗೆ ಹೋಗಿ ಸಕ್ಕರೆ ಡಬ್ಬಿಯ ಹಿಂದಿನಿಂದ ಕನ್ನಡಕ ತಂದು, ಹಿಟ್ಟಿನ ಕೈಯಿಂದಲೇ ನನ್ನ ಮೂಗಿನ ಮೇಲೆ ಕೂರಿಸಿದಳು. ಕಾಳುಗಳನ್ನು ನೋಡಿದೆ. ಕಾಳಲ್ಲ. ಹಿಕ್ಕೆ! ಕುರಿ ಹಿಕ್ಕೆ! ಅದನ್ನು ಬೀಗರ ಗ್ಯಾರೇಜಿನಲ್ಲಿ, ಊರ ಜನರ ಮುಂದೆ, ಅಂಗೈ ಮೇಲಿಟ್ಟುಕೊಂಡು, ಯಾರದ್ದು ಹೇಳಿ ಎಂದು ಕೇಳಿ, ಕಚ್ಚಿ ನೋಡಲು ಹೊರಟಿದ್ದೆ! ಆ ಮಹಾನುಭಾವ ಕೈ ಹಿಡಿಯದೇ ಹೋಗಿದ್ದರೆ...

"ಅವರಾದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ, ಟಗರು ಕಳಿಸಿದ್ದೆ ಅಂತ?" ಎಂದು ಗೊಣಗಿದೆ.

"ಕೊಟ್ಟೋರು ಹೇಳ್ಕೊಳ್ತಾರೇನ್ರೀ? ಕೊಟ್ಟೋರು ಬಾಯಿ ಬಿಡೋ ಹಾಗಿಲ್ಲ, ತಗೊಂಡೋರು ಬಾಯಿ ಮುಚ್ಚೋ ಹಾಗಿಲ್ಲ. ಅಷ್ಟೂ ತಿಳೀದಾ? ತಿಂದ ಟಗರು ಹೊಟ್ಟೇಲಿ ಕರಗೋ ಮುಂಚೆ ಉಂಡ ಮನೆಗೆ ಎರಡು ಬಗೆದು ಬಂದ್ರಲ್ಲ!"

ಬಾಗಿಲ ಮೇಲಿನ ಕೊಂಬು ಕಿತ್ತು ತಂದು, ಡಿಕ್ಕಿ ತೆರೆದು, ಉಬ್ಬಿನ ಒಳಗೆ ಹಿಡಿದು ನೋಡಿದೆ. ಕಲ್ಪಾಕಿನೊಳಗೆ ತಲೆ ಕೂತಂತೆ ಕೂತಿತು. ಇಷ್ಟು ದಿನ ಅಪರಾಧಿ ನನ್ನ ಬಾಗಿಲ ಮೇಲೇ ನೇತಾಡುತ್ತಿದ್ದ, ಉಳಿದ ಭಾಗ ನನ್ನ ಹೊಟ್ಟೆಯಲ್ಲಿತ್ತು. ಇನ್ನು ಯಾರನ್ನು ಹಿಡಿಯಲಿ?

ದನಕರು ಮನೆಗೆ ಬರುವ ಹೊತ್ತಿಗೆ ನಾವು ಗ್ಯಾರೇಜಿಗೆ ಹೊಂದಿಕೊಂಡೇ ಇರುವ ಬೀಗರ ಮನೆಯ ಬಾಗಿಲಲ್ಲಿದ್ದೆವು. ಬುರುಲ್ ಕೈಯಲ್ಲಿ ಎಸೆನಾಲಿಗೆಂದು ಮಖಮಲ್ಲಿನ ಹೊಸ ನಿಲುವಂಗಿ. ನನ್ನ ಕೈಯಲ್ಲಿ ಕೊಂಬು, ಮೂಗಿನ ಮೇಲೆ ಕನ್ನಡಕ. ಜಿಬೆಕ್ ಕಾರಿನಿಂದ ಇಳಿಯಲೇ ಇಲ್ಲ. ತಲೆ ಬಗ್ಗಿಸಿ ಕೂತೇ ಇದ್ದಳು. ಗ್ಯಾರೇಜಿನಲ್ಲಿದ್ದ ಟ್ರಾಕ್ಟರಿನವರು ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಒಳ್ಳೆಯದೇ ಆಯಿತು, ಅವರ ಮುಂದೆ ಆದದ್ದು ಅವರ ಮುಂದೆಯೇ ತೊಳೆಯಬೇಕು.

"ಬೀಗರೇ," ಎಂದೆ, ಗಟ್ಟಿಯಾಗಿ. "ನೀವು ಕೊಟ್ಟ ಟಗರನ್ನು ನಾನು ತಿಂದೆ. ನಮ್ಮ ಬೀದಿಯೆಲ್ಲ ತಿಂತು. ನನ್ನ ಜನ್ಮದಲ್ಲಿ ಅಂಥಾ ಟಗರು ತಿಂದಿಲ್ಲ. ಇವತ್ತು ನಾನು ಆಡಿದ್ದು ಫೌಲು." ಕೊರಳಿನ ಸೀಟಿ ತೆಗೆದು ಅವರ ಕೊರಳಿಗೆ ಹಾಕಿದೆ. "ಊದಿ."

ಎಸೆನಾಲಿ ಸೀಟಿ ನೋಡಿದರು. ನನ್ನ ಕನ್ನಡಕ ನೋಡಿದರು. ಅವರ ಮೀಸೆ ನಡುಗಿತು. ಆಮೇಲೆ ಊದಿದರು ನೋಡಿ, ಪಕ್ಕದ ಗೋದಾಮಿನ ಪಾರಿವಾಳಗಳೆಲ್ಲ ಎದ್ದು ಹಾರಿದವು! ಅಂಗಳವೆಲ್ಲ ನಗು. ಬೀಗಿತ್ತಿ ಹೋಗಿ ಜಿಬೆಕ್‌ಳ ಕೈ ಹಿಡಿದು ಒಳಗೆ ಕರೆತಂದರು. ಆಮೇಲೆ ಕುರಿಬಾಲದ ಕೊಬ್ಬಿನ ದೊಡ್ಡ ತುಂಡೊಂದನ್ನು ನನ್ನ ಬಾಯಿಗೆ ತುರುಕಿದರು. ಸಂಬಂಧ ಗಟ್ಟಿಯಾಗಲೆಂದು ಬೀಗರಿಗೆ ತಿನ್ನಿಸುವ ತುತ್ತು ಅದು. ನನ್ನ ಬಾಯಿ ಮುಚ್ಚಲೆಂದೂ ಇರಬಹುದು.

ಹೊರಡುವಾಗ ಎಸೆನಾಲಿ ಕೇಳಿದರು: "ಆ ಉಬ್ಬು ತಟ್ಟಿ ಸರಿಮಾಡಿಕೊಡ್ಲಾ ಬೀಗರೇ?"

"ಬೇಡ, ಇರಲಿ. ಅಲ್ಲಿ ಕೈಯಿಟ್ಟಾಗಲೆಲ್ಲ ಬುದ್ಧಿ ಬರುತ್ತೆ."

ಅವರು ತಲೆಯಾಡಿಸಿ, ನುರ್ದಿನ್ ಕಡೆ ನೋಡಿ, ಹುಬ್ಬು ಹಾರಿಸಿದಂತಿತ್ತು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಸರಿಯಾಗಿ ಕಾಣಲಿಲ್ಲ.

ನಮ್ಮ ಬೀದಿ ತಿರುಗುವಷ್ಟರಲ್ಲಿ ಹಿಂದಿನಿಂದ ಧಡಾರ್! ಕಾರೇ ಅಲುಗಿತು. ಮತ್ತೆ ಧಡಾರ್! ಕನ್ನಡಿಯಲ್ಲಿ ನೋಡಿದೆ. ಮೊದಲಿನ ಬುಗುಟೆಯ ಪಕ್ಕದಲ್ಲೇ ಇನ್ನೊಂದು ಬುಗುಟೆ ಏಳುತ್ತಿತ್ತು, ಬೂದನಿಗೇ ಜೋಡಿ ಕೊಂಬು ಮೂಡುತ್ತಿರುವ ಹಾಗೆ. ಇದೇ ಕಾರಿನಲ್ಲಿ ನನ್ನ ಮಗಳು ಮದುವೆಗೆ ಹೊರಡಬೇಕು!

ಜಿಬೆಕ್ ಹಿಂದಿನ ಸೀಟಿನಲ್ಲಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಬುರುಲ್ ಏನೂ ತಿಳಿಯದವಳಂತೆ ಕೇಳಿದಳು: "ಅದೇನ್ರೀ ಸದ್ದು?"

"ಕಾಳು ಕಣೇ," ಎಂದೆ.

"ಯಾರು ಕೊಟ್ಟಿದ್ದು?"

ಊದೋಣವೆಂದರೆ ಕೊರಳಲ್ಲಿ ಸೀಟಿ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಲ್ಬೂಬು ಅಜ್ಜಿಯಿಂದ ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದೆ: "ಬೀಗರು! ನಮ್ಮ ಬೀಗರು ಕೊಟ್ಟಿದ್ದು!"